ಭಾವನಿಗಾಗಿ ನಾನು ಆರಿಸಿದ ಕೇಬಲ್‌ಗಳು

ಅಕ್ಕ ಮತ್ತು ಭಾವ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಮನೆ ಕಟ್ಟಿಸಿದಾಗ ಭಾವ ತಮಗೆಂದು ಕೇಳಿಕೊಂಡದ್ದು ಒಂದೇ ಒಂದು ಕೋಣೆ. ಗ್ಯಾರೇಜಿಗೆ ಅಂಟಿಕೊಂಡಿದ್ದ ಆ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ, ಗೋಡೆಗೆ ಟಿವಿ, ಸುತ್ತ ಐದು ಸ್ಪೀಕರ್, ಮೂಲೆಯಲ್ಲೊಂದು ಸಬ್‌ವೂಫರ್ ಇಟ್ಟುಕೊಂಡರು. ಅವರು ಮೈಸೂರಿನಲ್ಲಿ ಹತ್ತು ವರ್ಷ ಮೃದಂಗ ಕಲಿತವರು. ದಪ್ಪ ನಾದ ಕಿವಿಗೆ ಕೇಳಿಸಿದರೆ ಸಾಲದು, ಎದೆಗೆ ತಾಗಬೇಕು ಎನ್ನುತ್ತಿದ್ದರು. ಆ ನಾದಕ್ಕಾಗಿಯೇ ಸಬ್‌ವೂಫರ್.

ನಾನಿರುವುದು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ. ಕೆಲಸ ನಾರ್ತ್ ಸಿಡ್ನಿಯಲ್ಲಿ. ಹೋಗಿ ಬರುವ ರೈಲಿನಲ್ಲಿ ಆಡಿಯೋ ಸಾಮಾನುಗಳ ಬಗ್ಗೆ ಓದುವುದು, ವಿಡಿಯೋ ನೋಡುವುದು ನನ್ನ ಹುಚ್ಚು. ಗೆಳೆಯರೆಲ್ಲ ಟಿವಿ, ಸ್ಪೀಕರ್ ಕೊಳ್ಳುವ ಮೊದಲು ನನ್ನನ್ನು ಕೇಳುತ್ತಾರೆ. ಭಾವ ಮಾತ್ರ ಯಾವತ್ತೂ ಏನನ್ನೂ ಕೇಳಿದವರಲ್ಲ. ನಾನು ಈ ದೇಶಕ್ಕೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದವರು, ಕಾರು ಓಡಿಸಲು ಕಲಿಸಿದವರು, ಮೊದಲ ಇಂಟರ್‌ವ್ಯೂಗೆ ಟೈ ಕಟ್ಟಿಕೊಟ್ಟವರು ಅವರು. ಕೇಳುವುದು ನಾನು, ಹೇಳುವುದು ಅವರು. ನಮ್ಮ ನಡುವೆ ಅದು ಹಾಗೇ ನಡೆದುಬಂದಿತ್ತು.

ಹಾಗಾಗಿ ಒಂದು ಬೆಳಿಗ್ಗೆ ರೈಲಿನಲ್ಲಿದ್ದಾಗ ಅವರ ಮೆಸೇಜ್ ಬಂದದ್ದು ನನಗೆ ಹೆಮ್ಮೆಯ ಸಂಗತಿಯಾಯಿತು. ಸಬ್‌ವೂಫರ್ ಇರುವ ಎಡಮೂಲೆಯಿಂದ ಗುಂಯ್ ಎನ್ನುವ ಸದ್ದು ಬರುತ್ತಿದೆ, ಯಾವ ಕೇಬಲ್ ಹಾಕಲಿ ಎಂದು ಕೇಳಿದ್ದರು. ನಾನು ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ಉದ್ದದ ಉತ್ತರ ಬರೆದಿದ್ದೆ. ಬಾಕ್ಸಿನ ಜೊತೆ ಬಂದ ತೆಳ್ಳನೆಯ ವೈರ್ ಬೇಡ, ಒಳಗೆ ತಾಮ್ರದ ಹೆಣಿಗೆಯಿಂದ ಸುತ್ತಿದ ಕೇಬಲ್ ತೆಗೆದುಕೊಳ್ಳಿ, ಹೊರಗಿನ ಕರೆಂಟಿನ ಸದ್ದು ಒಳಗೆ ನುಸುಳುವುದಿಲ್ಲ, ಬೇಕಾದದ್ದಕ್ಕಿಂತ ಉದ್ದದ್ದು ಬೇಡ ಎಂದೆಲ್ಲ ಹೇಳಿ ಒಂದು ಲಿಂಕನ್ನೂ ಕಳಿಸಿದೆ.

ಮುಂದಿನ ವಾರ ಫೋನ್ ಮಾಡಿದರು. "ನೀನು ಹೇಳಿದ್ದೇ ಹಾಕ್ದೆ ಕಣಪ್ಪಾ. ಸದ್ದು ಹೋಗ್ಲಿಲ್ಲ."

"ಪವರ್ ವೈರ್ ಪಕ್ಕದಲ್ಲೇ ಹೋಗಿದೆಯಾ ನೋಡಿ ಭಾವ. ಎರಡನ್ನೂ ದೂರ ಮಾಡಿ."

ದೂರ ಮಾಡಿದರು, ಹೋಗಲಿಲ್ಲ. ಎರಡನೆಯ ಕೇಬಲ್ ತಂದರು, ಅದು ಮೊದಲಿನದಕ್ಕಿಂತ ದಪ್ಪ. ಆಮೇಲೆ ಆಂಟೆನಾ ವೈರ್ ಕಿತ್ತು ನೋಡಿ ಎಂದೆ. ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿ ಎಂದೆ. ಒಂದು ಭಾನುವಾರ ಕೇಬಲನ್ನು ಎರಡೂ ಕಡೆಯಿಂದ ತೆಗೆದು ಕೇಳಿ ಎಂದು ಹೇಳಿದೆ. ತೆಗೆದರು. ಆಗಲೂ ಸದ್ದು ಇದೆ ಎಂದರು. ಹಾಗಾದರೆ ಸಬ್‌ವೂಫರಿನ ಒಳಗೇ ಏನೋ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಸ್ವಿಚ್ಚನ್ನೇ ಆರಿಸಿ ಕೇಳಿದಿರಾ ಎಂದು ಕೇಳಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಅನ್ನಿಸಲೇ ಇಲ್ಲ.

ಆ ದಿನಗಳಲ್ಲೇ ಅಕ್ಕ ಒಮ್ಮೆ ಫೋನಿನಲ್ಲಿ ಗೊಣಗಿದಳು. "ನಿಮ್ಮ ಭಾವಂಗೆ ಏನಾಗಿದೆಯೋ. ಕರೆದ್ರೆ ಓ ಅನ್ನಲ್ಲ. ಆಫೀಸಿಂದ ಬಂದು ಆ ರೂಮ್ ಸೇರಿದ್ರೆ ಆಯ್ತು."

"ಆ ಸದ್ದು ತಲೆ ತಿಂತಿದೆ ಅವರಿಗೆ. ನಾನೇ ಬಂದು ಸರಿ ಮಾಡ್ತೀನಿ ಬಿಡು," ಎಂದೆ.

ಒಂದು ಶನಿವಾರ ಬೆಳಗಿನ ವಿಮಾನಕ್ಕೆ ಹೊರಟೆ. ಬ್ಯಾಗಿನಲ್ಲಿ ಸಬ್‌ವೂಫರ್ ಬಿಚ್ಚಿ ನೋಡಲು ಸ್ಕ್ರೂಡ್ರೈವರ್ ಇತ್ತು, ಯಾವುದಕ್ಕೂ ಇರಲಿ ಎಂದು ಮೂರನೆಯ ಕೇಬಲ್ ಕೂಡ. ನಾನೇ ಅಂಗಡಿಗೆ ಹೋಗಿ, ತುದಿಯ ಪಿನ್ ಬಿಗಿಯಾಗಿ ಕೂರುತ್ತದೆಯೇ ಎಂದು ತಿರುಗಿಸಿ ನೋಡಿ ತಂದದ್ದು.

ಊಟವಾದ ಮೇಲೆ ಭಾವ ನನ್ನನ್ನು ಕೋಣೆಗೆ ಕರೆದೊಯ್ದರು. ಹದಿನಾಲ್ಕು ವರ್ಷದ ಅವರ ಮಗಳೂ ಹಿಂದೆಯೇ ಬಂದಳು. ಎಲ್ಲ ಆನ್ ಮಾಡಿ, ಹಾಡು ಹಾಕದೆ, ಮೂವರೂ ಸುಮ್ಮನೆ ಕೂತೆವು.

"ಕೇಳ್ತಾ?" ಎಂದರು ಭಾವ.

ನನಗೇನೂ ಕೇಳಲಿಲ್ಲ. ಸಬ್‌ವೂಫರಿಗೆ ಕಿವಿ ಹಚ್ಚಿ ಮಂಡಿಯೂರಿ ಕೂತೆ. ಅದರ ಮುಂಭಾಗದ ಬಟ್ಟೆಯ ವಾಸನೆ ಬಂತೇ ಹೊರತು ಸದ್ದಿಲ್ಲ.

"ಅಪ್ಪಾ, ದೇರ್ ಈಸ್ ನಥಿಂಗ್," ಎಂದಳು ಹುಡುಗಿ. "ಐ ಟೋಲ್ಡ್ ಯೂ ಸೋ ಮೆನಿ ಟೈಮ್ಸ್."

"ಚಿಕ್ಕವಳು, ಗಮನ ಕೊಟ್ಟು ಕೇಳಲ್ಲ," ಎಂದು ಭಾವ ನನ್ನತ್ತ ನೋಡಿ ನಕ್ಕರು. ನಾನೂ ನಗಬೇಕೆಂದು ಕಾಯುತ್ತಿದ್ದರು.

ನಾನು ಎದ್ದು ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದೆ. ಟಿವಿಯ ಕೆಂಪು ದೀಪವೂ ಆರಿತು.

"ಈಗ, ಭಾವ?"

ಅವರು ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡರು. ಮುಖದಲ್ಲಿದ್ದ ನಗು ಹಾಗೇ ಉಳಿದು, ನಿಧಾನವಾಗಿ ಇಳಿಯಿತು. "ಇದೆಯಲ್ಲೋ," ಎಂದರು.

ಹುಡುಗಿ ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು. ಎಡಕಿವಿಯ ಬಳಿ ತನ್ನ ಬೆರಳುಗಳನ್ನು ಉಜ್ಜಿದಳು. ಭಾವ ನನ್ನನ್ನೇ ನೋಡುತ್ತಿದ್ದರು. ಬಲಕಿವಿಯ ಬಳಿ ಉಜ್ಜಿದಾಗ ಥಟ್ಟನೆ ತಿರುಗಿದರು.

ಸೋಮವಾರ ನಾನು ರಜೆ ಹಾಕಿ ಅವರ ಜೊತೆ ಜಿಪಿ, ಅಂದರೆ ಅವರ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದೆ. ಅಕ್ಕನೂ ಬಂದಳು. ಡಾಕ್ಟರ್ ಕಿವಿಯೊಳಗೆ ದೀಪ ಬಿಟ್ಟು ನೋಡಿ, ಇದು ಯಾವತ್ತು ಶುರುವಾಯಿತು ಎಂದು ಕೇಳಿದರು. ಭಾವನಿಗೆ ನೆನಪಾಗಲಿಲ್ಲ. "ಇವನಿಗೆ ಮೆಸೇಜ್ ಹಾಕಿದ್ದೆ, ಅವತ್ತು," ಎಂದರು.

ನಾನು ಫೋನ್ ತೆಗೆದು ಮೇಲಕ್ಕೆ ಸರಿಸುತ್ತ ಹೋದೆ. ಕೇಬಲ್‌ಗಳ ಫೋಟೋ, ಪ್ಲಗ್ಗಿನ ಫೋಟೋ, ನನ್ನ ಉದ್ದುದ್ದ ಉತ್ತರಗಳು. ಎಲ್ಲಕ್ಕಿಂತ ಮೇಲೆ ಅವರ ಮೊದಲ ಮೆಸೇಜ್ ಇತ್ತು. "ಬೆಳಿಗ್ಗೆ ಎದ್ದಾಗಿಂದ ಎಡಕಿವಿ ಮುಚ್ಚಿಕೊಂಡಂಗಿದೆ, ಶೀತ ಇರ್ಬೇಕು. ಅದರ ಮೇಲೆ ಈ ಸಬ್‌ವೂಫರ್ ಬೇರೆ ಗುಂಯ್ ಅಂತಿದೆ. ಯಾವ ಕೇಬಲ್ ಹಾಕಲಿ?"

ನಾನು ಆ ಮೆಸೇಜಿನ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿದ್ದೆ. ಮೊದಲ ಸಾಲನ್ನು ಓದಿದ ನೆನಪೂ ನನಗಿರಲಿಲ್ಲ. ಮೂರು ತಿಂಗಳು ಕಳೆದಿದ್ದವು. ತಾರೀಖನ್ನು ಡಾಕ್ಟರಿಗೆ ಹೇಳಿ ಫೋನನ್ನು ಜೇಬಿಗೆ ಹಾಕಿಕೊಳ್ಳುವಾಗ ಅಕ್ಕ ಕೈ ಚಾಚಿದಳು. "ತಾ ಇಲ್ಲಿ." ಕೊಟ್ಟೆ. ಓದಿದಳು. ವಾಪಸ್ ಕೊಟ್ಟಳು.

ಆ ವಾರವೆಲ್ಲ ಅವರ ಮನೆಯಿಂದಲೇ ಆಫೀಸ್ ಕೆಲಸ ಮಾಡಿದೆ. ಕಿವಿಯ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಗಡ್ಡೆ ಏನೂ ಇಲ್ಲ ಎಂದಾಗ ಅಕ್ಕ ಅತ್ತುಬಿಟ್ಟಳು. ಆದರೆ ಎಡಕಿವಿಯ ಕೇಳುವ ಶಕ್ತಿ ಬಹುಪಾಲು ಹೋಗಿತ್ತು. ಗುಂಯ್ ಎನ್ನುತ್ತಿದ್ದದ್ದೂ ಅದೇ ಕಿವಿ, ಸದ್ದಿಲ್ಲದ ಆ ಕೋಣೆಯಲ್ಲಿ ಅದು ಎದ್ದು ಕೇಳಿಸುತ್ತಿತ್ತು. ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಆಗುತ್ತದೆ, ಕಾರಣ ಸಿಗುವುದಿಲ್ಲ, ಮೊದಲ ಒಂದೆರಡು ವಾರಗಳಲ್ಲಿ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು ಎಂದರು ಕಿವಿಯ ತಜ್ಞೆ. ಕೊಟ್ಟಿದ್ದರೂ ಎಲ್ಲರಿಗೂ ಮರಳಿ ಬರುವುದಿಲ್ಲ ಎಂದೂ ಸೇರಿಸಿದರು. ಆ ಎರಡನೆಯ ಮಾತನ್ನು ನಾನು ಇಂದಿಗೂ ಹಿಡಿದುಕೊಂಡಿದ್ದೇನೆ. ಹಿಡಿದಾಗಲೆಲ್ಲ ಮೊದಲನೆಯದೂ ಜೊತೆಗೇ ಬರುತ್ತದೆ.

ಹಿಂದಿರುಗುವ ಮುನ್ನ ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ತಪ್ಪಾಯಿತು ಎಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಒಬ್ಬನ್ನೇ ಏನಂತ ಬಯ್ಯಲಿ? ಒಂದೇ ಮನೇಲಿದ್ದು ನಾನೂ ನೋಡ್ಲಿಲ್ಲ. ಬೇಕಂತಲೇ ಮಾತಾಡ್ಸಲ್ಲ ಅನ್ಕೊಂಡು ನಾನೂ ಮಾತು ಬಿಟ್ಟಿದ್ದೆ," ಎಂದಳು. ನಲ್ಲಿ ನಿಲ್ಲಿಸಿ, "ಆದ್ರೂ ನಿಂಗೆ ಬರೆದಿದ್ರಲ್ಲೋ," ಎಂದಳು.

ಭಾವ ಮಾತ್ರ ಆ ವಿಷಯವನ್ನೇ ಎತ್ತಲಿಲ್ಲ. ಏರ್‌ಪೋರ್ಟಿಗೆ ಬಿಡಲು ಬಂದವರು ಕಾರಿನಲ್ಲಿ ನನ್ನ ಆಫೀಸು, ಸ್ಕೋಫೀಲ್ಡ್ಸ್‌ನ ಟ್ರಾಫಿಕ್ಕು, ಇಂಥದ್ದೇ ಮಾತಾಡಿದರು. ನಾನು ಅವರ ಎಡಗಡೆಯ ಸೀಟಿನಲ್ಲಿದ್ದೆ. ಎರಡು ಸಲ ಉತ್ತರ ಕೊಟ್ಟೆ, ಅವರಿಗೆ ಕೇಳಿಸಲಿಲ್ಲ. ಮೂರನೆಯ ಸಲ ಕೂಗಿದಂತೆ ಹೇಳಿದೆ. ಅವರು ತಲೆಯಾಡಿಸಿದರು.

ಈಸ್ಟರ್ ರಜೆಯಲ್ಲಿ ಅವರೆಲ್ಲ ಸಿಡ್ನಿಗೆ ಬಂದರು. ಸಂಜೆ ನಾನು ಭಾವನ ಜೊತೆ ವಾಕಿಂಗ್ ಹೊರಟಿದ್ದೆ. ರಸ್ತೆ ದಾಟುವಾಗ ಎಡತಿರುವಿನಿಂದ ಒಂದು ಕಾರು ಬಂತು. ನಾನು ಗಾಬರಿಯಾಗಿ ಅವರ ತೋಳು ಹಿಡಿದು ಎಳೆದೆ. ಕಾರು ಇನ್ನೂ ದೂರದಲ್ಲಿತ್ತು. ಭಾವ ಅದನ್ನು ನೋಡಿಯೇ ಇದ್ದರು.

"ಬಿಡೋ!" ಎಂದು ತೋಳು ಕೊಡವಿಕೊಂಡರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಕಣ್ಣು ಸರಿಯಾಗೇ ಇದೆ ನಂಗೆ. ಆಗ ವಿಚಾರಿಸ್ಲಿಲ್ಲ, ಈಗ ಮಗು ಥರ ಕೈ ಹಿಡೀತೀಯಾ?"

ನಾನು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟೆ. ಅವರು ದಾಟಿ, ಆಚೆ ಬದಿಯಲ್ಲಿ ನನಗೆ ಬೆನ್ನು ಮಾಡಿ ಕಾದರು. ನಾನು ದಾಟಿ ಹೋಗಿ ಅವರ ಬಲಗಡೆ ನಿಂತೆ. ಪಾರ್ಕಿನವರೆಗೂ ಹಾಗೇ ನಡೆದೆವು.