ಪಾಲಿನ ಟ್ರ್ಯಾಕ್ಟರ್ ಎರಡು ಹೋಳಾದ ಹಿಂಗಾರಿ

ಯಾವ ಟ್ರ್ಯಾಕ್ಟರ್ ಯಾರ ಹೊಲದಲ್ಲಿ ಓಡುತ್ತಿದೆ ಎಂದು ಮನೆಯ ಕಟ್ಟೆಯ ಮೇಲೆ ಕೂತು ಸದ್ದಿನಿಂದಲೇ ಹೇಳಿಬಿಡುತ್ತಿದ್ದ ದಿನಗಳವು. ನವಲಗುಂದದಿಂದ ಯಮನೂರಿಗೆ ಹೋಗುವ ರಸ್ತೆಯಿಂದ ಒಳಗೆ, ಎರೆಭೂಮಿಯ ನಡುವೆ ನಮ್ಮೂರು. ಊರಿಗೆ ಇದ್ದ ಟ್ರ್ಯಾಕ್ಟರುಗಳೇ ಬೆರಳೆಣಿಕೆಯಷ್ಟು, ಅದರಲ್ಲಿ ನಮ್ಮದು ಎಲ್ಲಕ್ಕಿಂತ ಹಳೆಯದು. ನಮ್ಮದು ಎಂದರೆ ಪೂರ್ತಿ ನಮ್ಮದಲ್ಲ. ಅರ್ಧ ನಮ್ಮದು, ಅರ್ಧ ಗೋಡೆಯಾಚೆಯ ಇಮಾಮ್ ಕಾಕಾನದು.

ಅಪ್ಪ ಮತ್ತು ಇಮಾಮ್ ಕಾಕಾ ಸಣ್ಣವರಿದ್ದಾಗಿನಿಂದ ಜೊತೆ. ಇಬ್ಬರೂ ಕೂಡಿ ಆ ಕೆಂಪು ಟ್ರ್ಯಾಕ್ಟರನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡಿದ್ದರು. ಬಿಸಿಲಿಗೆ ಬಣ್ಣ ಹಾರಿ ಅದು ಇಟ್ಟಂಗಿಯ ಹಾಗೆ ಕಾಣುತ್ತಿತ್ತು. ಒಂದು ವರ್ಷ ಹಿಂಗಾರಿ ಬಿತ್ತನೆ ಮೊದಲು ನಮ್ಮ ಹೊಲದಲ್ಲಿ, ಮುಂದಿನ ವರ್ಷ ಮೊದಲು ಅವರ ಹೊಲದಲ್ಲಿ, ಅದು ಒಪ್ಪಂದ. ಕಾಕಾನ ಮಗಳು ಜೈಬು ನನ್ನ ಓರಗೆಯವಳು. ನಾವಿಬ್ಬರೂ ಗಜಗದ ಕಾಯಿ ತೂರಿ ಹಿಡಿದು ಆಡುತ್ತಿದ್ದದ್ದು ಆ ಟ್ರ್ಯಾಕ್ಟರಿನ ನೆರಳಿನಲ್ಲೇ. ಹಬ್ಬಕ್ಕೆ ಅವರ ಮನೆಯ ಸಿಹಿ ಚೋಂಗೆ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ಬೆಲ್ಲದ ಮಾದಲಿ ಅವರ ಮನೆಗೆ ಹೋಗುತ್ತಿತ್ತು.

ಆ ವರ್ಷ ಹೆಸರುಕಾಳಿನ ಬೆಳೆ ಕಿತ್ತು ಮುಗಿದಿತ್ತು. ಒಳ್ಳೆಯ ಮಳೆ ಬಿದ್ದು ಹೊಲಕ್ಕೆ ಹದ ಬಂದಿತ್ತು. ಎರೆಮಣ್ಣಿನ ಹದ ಎಂದರೆ ಕಾಯುವ ವಸ್ತುವಲ್ಲ. ಹಸಿ ಹೆಚ್ಚಾದರೆ ಹೊಲದೊಳಗೆ ಕಾಲಿಡಲಾಗದು, ಬಿಸಿಲು ಹತ್ತಿದರೆ ಬಿರುಕು ಬಿಡುತ್ತದೆ. ನಡುವಿನ ಕೆಲವೇ ದಿನಗಳಲ್ಲಿ ಕಡಲೆ, ಜೋಳ ನೆಲಕ್ಕೆ ಬೀಳಬೇಕು. ಅಂಥ ದಿನಗಳಲ್ಲೇ ಟ್ರ್ಯಾಕ್ಟರ್ ಕೈಕೊಟ್ಟಿತು.

ಅದರ ಎರಡನೇ ಗೇರು ಬೇಸಿಗೆಯಿಂದಲೇ ಹಾರಿಹಾರಿ ಬೀಳುತ್ತಿತ್ತು. ಅಪ್ಪ ಗೇರಿನ ಹಿಡಿಕೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದೇ ಓಡಿಸುತ್ತಿದ್ದ. "ಬಿತ್ತಿಗಿಂತ ಮೊದಲ ಗೇರ್‌ಬಾಕ್ಸ್ ಬಿಚ್ಚಸೂಣು ಬಸೂ," ಎಂದು ಕಾಕಾ ಹೇಳಿದ್ದ. "ಬಿತ್ತಿ ಮುಗೀಲಿ ತಡಿಯೋ, ಅಲ್ಲಿ ಮಟಾ ಎಳಿತೈತಿ," ಎಂದು ಅಪ್ಪ ತಳ್ಳಿಹಾಕಿದ್ದ. ಕೊನೆಗೆ ಕಾಕಾನ ಹೊಲದಲ್ಲಿ, ಕಾಕಾ ಬಿತ್ತನೆಗೆ ಮುಂಚಿನ ಕುಂಟೆ ಹೊಡೆಯುತ್ತಿದ್ದಾಗ, ಬೀಸುಕಲ್ಲಿನೊಳಗೆ ಮೊಳೆ ಸಿಕ್ಕ ಹಾಗೆ ಕರಕರ ಸದ್ದು ಬಂತಂತೆ. ಆಮೇಲೆ ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೇರೆಯವರ ಎತ್ತು ಕಟ್ಟಿ ಅದನ್ನು ನಮ್ಮ ಅಂಗಳಕ್ಕೆ ಎಳೆದು ತಂದರು.

"ಎಷ್ಟ ಜೋರಿನಿಂದ ಎಳದೀಯೋ ಗೇರು? ನಿನ್ನ ಕೈಯಾಗ ಕೊಟ್ಟಿದ್ದ ತಪ್ಪಾತು," ಅಂದುಬಿಟ್ಟ ಅಪ್ಪ, ಊರವರ ಮುಂದೆಯೇ.

ಕಾಕಾನ ಮುಖ ಕಪ್ಪಿಟ್ಟಿತು. "ಆತು ಬಿಡಪಾ. ಇನ್ನ ನನ್ನ ಕೂಡ ಮಾತಾಡಬ್ಯಾಡ," ಎಂದು ತನ್ನ ಮನೆಗೆ ನಡೆದ.

ಆ ಸಂಜೆಯಿಂದ ಇಬ್ಬರ ಮಾತು ನಿಂತಿತು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವ್ವ ಶೇಂಗಾ ಚಟ್ನಿ ಬಡಿಸುತ್ತ ಒಮ್ಮೆ, "ಹೋಗಿ ಮಾತಾಡ್ರಿ. ಅವರ ಹೊಲಾನೂ ಆರಾಕತ್ತೈತಿ," ಎಂದಳು. ಅಪ್ಪ ತಾಟು ಸರಿಸಿ ಎದ್ದುಹೋದ.

ಆದರೂ ಕೆಲಸ ನಿಲ್ಲುವಂತಿರಲಿಲ್ಲ. ಅಣ್ಣಿಗೇರಿಯಿಂದ ಫಕ್ಕೀರಪ್ಪ ಮಿಸ್ತ್ರಿ ಬಂದ. ಮುಚ್ಚಳ ಬಿಚ್ಚಿ ಒಳಗೆ ಬ್ಯಾಟರಿ ಹಿಡಿದು ನೋಡಿ, "ಹಲ್ಲು ಉದರ್ಯಾವ, ಡಬ್ಬೀನೂ ಸೀಳೈತಿ. ಇಡೀ ಗೇರ್‌ಬಾಕ್ಸ್ ಬದಲ ಮಾಡಬೇಕು," ಎಂದ. ಹುಬ್ಬಳ್ಳಿಯ ಗುಜರಿಯಿಂದ ಅಂಥದೇ ಹಳೆಯ ಗೇರ್‌ಬಾಕ್ಸ್ ತರುವುದೆಂದಾಯಿತು. ಅದನ್ನು ತರಲು ಅಪ್ಪ ಕಾಕಾ ಇಬ್ಬರೂ ಒಂದೇ ಟೆಂಪೋದಲ್ಲಿ ಹೋಗಿ ಬಂದರು, ಒಬ್ಬ ಮುಂದೆ, ಒಬ್ಬ ಹಿಂದೆ. ದಾರಿಯುದ್ದ ಒಂದು ಮಾತೂ ಆಡಲಿಲ್ಲವಂತೆ.

ಗೇರ್‌ಬಾಕ್ಸ್ ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡು ಮುರಿದ ಹಾಗೆ ಎರಡು ಹೋಳು ಮಾಡಬೇಕು. ಎಂಜಿನ್ನಿನ ಮುಂದಿನ ಹೋಳನ್ನು ದಿಮ್ಮಿ, ಕಲ್ಲು ಕೊಟ್ಟು ನಿಲ್ಲಿಸಿದರು. ದೊಡ್ಡ ಗಾಲಿಗಳ ಹಿಂದಿನ ಹೋಳನ್ನು ಹಿಂದಕ್ಕೆ ಸರಿಸಿ, ಅದರ ಮೂತಿ ನೆಲಕ್ಕೆ ಬೀಳದಂತೆ ಮೂರು ಮರದ ಗಳಗಳನ್ನು ಮುಕ್ಕಾಲಿಯಂತೆ ಹೂಡಿ ಚೈನ್‌ಪುಲ್ಲಿಗೆ ತೂಗುಹಾಕಿದರು. ಒಳಗಿನಿಂದ ಕರಿ ಎಣ್ಣೆ ತಗಡಿನ ಬುಟ್ಟಿಗೆ ಸುರಿಯಿತು. ಕೊಳೆತ ಉಳ್ಳಾಗಡ್ಡಿಯ ಹಾಗೆ ಅದರ ವಾಸನೆ, ಅಡಿಗೆಮನೆಯ ತನಕ ಬರುತ್ತಿತ್ತು. ಅದರೊಳಗೆ ಮಿಸ್ತ್ರಿ ಅಯಸ್ಕಾಂತ ಇಳಿಸಿದಾಗ ಮುರಿದ ಗೇರಿನ ಹಲ್ಲುಗಳು ಅಂಟಿಕೊಂಡು ಬಂದವು. ಅವನ್ನು ತೊಳೆದು ನಾನೂ ಜೈಬೂ ಗಜಗದ ಬದಲು ಆಡಿದೆವು. ಭಾರವಾಗಿದ್ದವು, ಮುಂಗೈ ಮೇಲೆ ಬಿದ್ದರೆ ನೋಯುತ್ತಿತ್ತು.

ನಮ್ಮಿಬ್ಬರಿಗೂ ಆಗ ಬೇರೊಂದು ಕೆಲಸವೂ ಬಿದ್ದಿತ್ತು.

"ಲೀಲಾ, ನಿಮ್ಮಪ್ಪಗ ಹೇಳು, ಹದಿನೇಳರ ಪಾನಾ ಕೊಡಂತ," ಎನ್ನುತ್ತಿದ್ದ ಕಾಕಾ, ಅಪ್ಪ ಮಾರುದೂರದಲ್ಲಿ ನಿಂತಿದ್ದರೂ.

"ಜೈಬೂ, ನಿಮ್ಮಪ್ಪಗ ಹೇಳು, ಪಾನಾ ಅಂವನ ಕಾಲಾಗ ಬಿದ್ದೈತಿ ಅಂತ," ಎನ್ನುತ್ತಿದ್ದ ಅಪ್ಪ.

ಮೊದಮೊದಲು ನಮಗೆ ನಗು ಬರುತ್ತಿತ್ತು. ಮಿಸ್ತ್ರಿಗೆ ನಗು ಬರಲಿಲ್ಲ. "ಇದು ಆಟ ಅಲ್ರಿ. ಇಷ್ಟ ಭಾರ ಹಗ್ಗದ ಮ್ಯಾಲ ನಿಂತಂಗ ನಿಂತೈತಿ. ನಿಮ್ಮ ಜಗಳಾ ಆಮ್ಯಾಲ ಇಟಗೋರಿ," ಎಂದು ರೇಗಿದ. ಇಬ್ಬರೂ ತಲೆ ತಗ್ಗಿಸಿ ಬೇರೆಬೇರೆ ಕಡೆಯಿಂದ ಕೆಲಸಕ್ಕೆ ಬಗ್ಗಿದರು.

ತಂದ ಗೇರ್‌ಬಾಕ್ಸನ್ನು ಹಿಂದಿನ ಹೋಳಿಗೆ ಕೂರಿಸಿದ್ದಾಯಿತು. ಉಳಿದದ್ದು ಎರಡೂ ಹೋಳು ಕೂಡಿಸುವುದು. ಆದರೆ ಹಿಂದಿನ ದಿನ ಮತ್ತೊಂದು ಮಳೆ ಜಿನುಗಿ ಅಂಗಳದ ಮಣ್ಣು ಹಸಿಯಾಗಿತ್ತು. "ಒಂದಿನ ತಡದ್ರ ಹೆಂಗ?" ಎಂದು ಮಿಸ್ತ್ರಿ ಕೇಳಿದ. ಅಪ್ಪ ಆಕಾಶ ನೋಡಿದ, ಕಾಕಾ ಹೊಲದ ಕಡೆ ನೋಡಿದ. ಇಬ್ಬರೂ ಬೇರೆಬೇರೆಯಾಗಿ ಬೇಡವೆಂದು ತಲೆಯಾಡಿಸಿದರು.

ಹೋಳು ಕೂಡಿಸುವಾಗ ಗೇರ್‌ಬಾಕ್ಸಿನಿಂದ ಚಾಚಿಕೊಂಡಿರುವ ಹಲ್ಲಿನ ಶಾಫ್ಟು, ಎಂಜಿನ್ ಕಡೆಯ ಕ್ಲಚ್ ಪ್ಲೇಟಿನ ತೂತಿನೊಳಗೆ ಹೋಗಬೇಕು. ಹಲ್ಲಿಗೆ ಹಲ್ಲು ಹೊಂದಿದರೆ ಮಾತ್ರ ಹೋಗುತ್ತದೆ. ಹೊಂದಿಸಲು ಯಾರಾದರೂ ಟ್ರ್ಯಾಕ್ಟರಿನ ಹಿಂದೆ ಕೂತು, ರಾಶಿ ಯಂತ್ರಕ್ಕೆ ಜೋಡಿಸುವ ಶಾಫ್ಟಿನ ತುದಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುವಬೇಕು, ಅದು ತಿರುಗಿದರೆ ಮುಂದಿನ ಹಲ್ಲಿನ ಶಾಫ್ಟೂ ತಿರುಗುತ್ತದೆ. ದೊಡ್ಡವರೆಲ್ಲ ತಳ್ಳುವುದಕ್ಕೆ ಬೇಕಾಗಿದ್ದರಿಂದ ಆ ಕೆಲಸ ನನಗೆ ಬಂತು.

"ತಿರುವು ಅಂದ್ರ ತಿರುವು, ನಿಲ್ಲು ಅಂದ್ರ ನಿಲ್ಲು," ಎಂದ ಮಿಸ್ತ್ರಿ.

ಕಾಕಾ ಒಂದು ದೊಡ್ಡ ಗಾಲಿಯ ಬಳಿ, ಮಿಸ್ತ್ರಿ ಚೈನಿನ ಬಳಿ, ಅಪ್ಪ ಎರಡು ಹೋಳುಗಳ ಸಂದಿನ ಬಳಿ. ನಾನು ತಿರುವಿದೆ. ಶಾಫ್ಟು ಹೋಗಿ ಪ್ಲೇಟಿಗೆ ತಾಗಿ ನಿಂತಿತು, ಒಳಗೆ ಹೋಗಲಿಲ್ಲ. ಆಗ ಅಪ್ಪನಿಗೆ ಸಂದಿನಲ್ಲಿ ಹಸಿ ಮಣ್ಣಿನ ಹೆಂಟೆ ಅಂಟಿದ್ದು ಕಂಡಿತು. ಯಾರಿಗೂ ಹೇಳದೆ ಕೈ ಹಾಕಿದ. ಹೇಳಬೇಕಾಗಿದ್ದದ್ದು ಗಾಲಿ ಹಿಡಿದಿದ್ದ ಕಾಕಾನಿಗೆ.

ಅದೇ ಹೊತ್ತಿಗೆ ಮೂರು ಗಳಗಳಲ್ಲಿ ಒಂದು ಮಣ್ಣಿನೊಳಗೆ ಕುಸಿಯಿತು.

ಚೈನು ಝಲ್ಲೆಂದಿತು. ಹಿಂದಿನ ಹೋಳು ಮೂತಿ ತಗ್ಗಿಸಿ, ಅಂಗಳದ ಇಳಿಜಾರಿನಲ್ಲಿ ಮುಂದಕ್ಕೆ ಜಾರಿತು. ಅಪ್ಪ ಕೂಗಿದ ಕೂಗು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಲೀಲಾ! ತಿರುವಬ್ಯಾಡ! ಅಗದಿ ಅಳ್ಳಾಡಬ್ಯಾಡ!" ಮಿಸ್ತ್ರಿ ಚೀರಿದ. "ಹಲ್ಲು ಕೂಡಿದ್ರ ಸಂದು ಮುಚ್ಚತೈತಿ!"

ನನಗೆ ಅರ್ಥವಾಯಿತು. ಶಾಫ್ಟಿನ ಹಲ್ಲು ಹೊಂದಿರದ್ದರಿಂದಲೇ ಒಂದು ಬೆರಳಗಲ ಸಂದು ಉಳಿದಿತ್ತು. ಆ ಸಂದಿನಲ್ಲಿ ಅಪ್ಪನ ಕೈ ಇತ್ತು. ನನ್ನ ಹಿಡಿತ ಕೊಂಚ ಜಾರಿ ಶಾಫ್ಟು ತಿರುಗಿದರೆ ಇಡೀ ಭಾರ ಮುಂದೆ ಹೋಗಿ ಕೂತುಬಿಡುತ್ತಿತ್ತು. ನನ್ನ ಕೈಗೋ ಎಣ್ಣೆ ಹತ್ತಿತ್ತು. ಎರಡೂ ಅಂಗೈಯಿಂದ ಶಾಫ್ಟನ್ನು ಅದುಮಿ, ಎದೆಗೆ ಒತ್ತಿಕೊಂಡೆ. ಅದು ಒಳಗಿನಿಂದ ನನ್ನ ವಿರುದ್ಧ ತಿರುಗಲು ನೋಡುತ್ತಿತ್ತು. ಅಲ್ಲಿಂದ ಅಪ್ಪ ಕಾಣುತ್ತಿರಲಿಲ್ಲ, ಅವನ ಉಸಿರು ಮಾತ್ರ ಕೇಳುತ್ತಿತ್ತು.

"ಜೈಬೂ, ಜಾರಾಕತ್ತೈತಿ," ಅಂದೆ. ಜೈಬು ಓಡಿಬಂದು ತಲೆಯ ಮೇಲಿನ ಓಢಣಿ ಎಳೆದು ಶಾಫ್ಟಿಗೆ ಸುತ್ತಿ, ನನ್ನ ಕೈಗಳ ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಅವಳು ಅಳುತ್ತಿದ್ದಳು. ಕೈ ಮಾತ್ರ ಬಿಡಲಿಲ್ಲ.

ಕಾಕಾ ಗಾಲಿಯ ಮುಂದೆ ಬಂದು ಟೈರಿನ ಉಬ್ಬುಗಳನ್ನು ತಬ್ಬಿ ಹಿಂದಕ್ಕೆ ಒತ್ತಿ ನಿಂತಿದ್ದ. ಬರಿಗಾಲು ಕೆಸರಿನಲ್ಲಿ ಒಂದೇ ಸವನೆ ಜಾರುತ್ತಿತ್ತು.

"ಬಸೂ, ಕೈ ಜಗ್ಗಬ್ಯಾಡ ಲೇ! ಹಂಗ ಇರು. ನಾ ಹಿಡದೇನಿ!"

"ಇಮಾಮ್... ನಿನ್ನ ಕಾಲು ಜಾರಾಕತ್ತಾವೋ. ಗಾಲಿ ನಿನ್ನ ಮ್ಯಾಲ ಬಂದೀತು, ಬಿಡು."

"ಬಿಡು ಅಂತಾನ ನೋಡು! ಸುಮ್ನ ಬಾಯಿ ಮುಚ್ಚು!"

ಅಷ್ಟು ದಿನಗಳ ನಂತರ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಅವ್ವ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಮತ್ತೆ ಒಳಗೆ ಓಡಿದಳು. ಏಕೆ ಒಳಗೆ ಹೋದಳೆಂದು ನನಗೆ ಸಿಟ್ಟು ಬಂತು. ಮರುಗಳಿಗೆ ಒರಳಿನ ಗುಂಡನ್ನು ಹೊಟ್ಟೆಗೆ ಅವಚಿಕೊಂಡು ಬಂದು, ಕಾಕಾ ಹಿಡಿದ ಗಾಲಿಯ ಮುಂದೆ ಕೆಸರಿನಲ್ಲಿ ಮಂಡಿಯೂರಿ ಒತ್ತಿ ಸೇರಿಸಿದಳು. ಗಾಲಿ ಅದರ ಮೇಲೆ ಒರಗಿ ನಿಂತಿತು. ಮಿಸ್ತ್ರಿ ಕುಸಿದ ಗಳದ ಕೆಳಗೆ ಹಲಗೆ ತುರುಕಿ ಚೈನು ಜಗ್ಗತೊಡಗಿದ. ಕೊಂಡಿ ಕೊಂಡಿಯಾಗಿ ಮೂತಿ ಮೇಲೇರಿತು. "ಈಗ! ಹಿಂದಕ್ಕ!" ಎಂದ. ಕಾಕಾ ಹಾರೆಕೋಲು ಹಾಕಿ ಗಾಲಿಯನ್ನು ಹಿಂದಕ್ಕೆ ಮೀಟಿದ.

ಅಪ್ಪನ ಕೈ ಹೊರಬಂತು. ಬೆರಳುಗಳ ಚರ್ಮ ಸುಲಿದಿತ್ತು, ಕಿರುಬೆರಳು ಅಡ್ಡಕ್ಕೆ ತಿರುಗಿತ್ತು. ಅಪ್ಪ ಅದನ್ನು ನೋಡುತ್ತ ನೆಲಕ್ಕೆ ಕೂತ. ಕಾಕಾ ತನ್ನ ತಲೆಯ ವಸ್ತ್ರ ಬಿಚ್ಚಿ ಅದಕ್ಕೆ ಸುತ್ತಿದ. ಮಿಸ್ತ್ರಿಯ ಮೋಟರ್‌ಸೈಕಲ್ಲಿನ ಮೇಲೆ ಅಪ್ಪನನ್ನು ನಡುವೆ ಕೂರಿಸಿಕೊಂಡು ಮೂವರೂ ನವಲಗುಂದದ ದವಾಖಾನೆಗೆ ಹೋದರು. "ಬಿಡ್ರವಾ ಇನ್ನ, ಆತು," ಎಂದು ಅವ್ವ ನಮ್ಮ ಕೈಗಳನ್ನು ಶಾಫ್ಟಿನಿಂದ ಬಿಡಿಸಬೇಕಾಯಿತು.

ಸಂಜೆ ಅಪ್ಪ ಪಟ್ಟಿ ಕಟ್ಟಿಸಿಕೊಂಡು ಬಂದ. ಕಾಕಾನೇ ಅವನನ್ನು ಕಟ್ಟೆಯ ಮೇಲೆ ಕೂರಿಸಿದ. ಚಹಾ ಕುಡಿಯುತ್ತ ಅಪ್ಪ, "ನೀ ಹೇಳಿದಾಗ ಬಿಚ್ಚಸಿದ್ರ ಇದೆಲ್ಲಾ ಆಗತಿದ್ದಿಲ್ಲ," ಎಂದ. ಕಾಕಾ ಬಸಿಯೊಳಗೆ ಚಹಾ ಸುರಿದುಕೊಂಡು, "ಆರತೈತಿ, ಕುಡಿ," ಎಂದನಷ್ಟೆ.

ಮರುದಿನ ಬಿಸಿಲು ಬಿದ್ದು ನೆಲ ಗಟ್ಟಿಯಾಯಿತು. ಗಳಗಳ ಕೆಳಗೆ ಹಲಗೆ ಕೊಟ್ಟು, ತಳ್ಳಲು ಓಣಿಯವರನ್ನು ಕರೆದು, ಮತ್ತೆ ಕೂಡಿಸಲು ನಿಂತರು. ಮಿಸ್ತ್ರಿ, "ಹೂಂ ತಂಗಿ, ತಿರುವು," ಎಂದ.

ನನ್ನಿಂದಾಗಲಿಲ್ಲ. ಶಾಫ್ಟು ಹಿಡಿದೆ, ಕೈ ಮಾತ್ರ ಕಲ್ಲಾಯಿತು. ತಿರುವಿದರೆ ಸಂದು ಮುಚ್ಚುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಮಿಸ್ತ್ರಿ ಮತ್ತೆ ಹೇಳಿದ. ನಾನು ತಲೆ ಅಲ್ಲಾಡಿಸಿದೆ. ಯಾರೋ, "ಆಕೀನ ಎಬ್ಬಿಸಿ ಬ್ಯಾರೆದವರನ್ನ ಕುಂದರಸ್ರಿ," ಎಂದರು.

"ತಡೀರಿ," ಎಂದ ಅಪ್ಪ. ಬಂದು ನನಗೆ ಕಾಣುವ ಹಾಗೆ ನಿಂತು ಎರಡೂ ಕೈ ಮೇಲೆತ್ತಿದ, ಒಂದು ಬರಿ ಕೈ, ಒಂದು ಬಿಳಿ ಪಟ್ಟಿಯ ಕೈ. "ನೋಡವಾ, ಎರಡೂ ಇಲ್ಲೆ ಅದಾವ."

ಕಾಕಾ ಗಾಲಿಗೆ ಬೆನ್ನು ಕೊಟ್ಟು ತನ್ನ ಕೈಗಳನ್ನೂ ಎತ್ತಿದ. "ನನ್ನೂವೂ ನೋಡು." ಮಿಸ್ತ್ರಿ ಚೈನು ಬಿಟ್ಟು ಎತ್ತಿದ. ಓಣಿಯವರೂ ಒಬ್ಬೊಬ್ಬರಾಗಿ ಎತ್ತಿದರು. ಅಂಗಳದ ತುಂಬ ಎಣ್ಣೆ ಮೆತ್ತಿದ ಕೈಗಳು. ಯಾರೂ ನಗಲಿಲ್ಲ. ನಾನು ಒಂದೊಂದನ್ನೂ ನೋಡಿದೆ. ಆಮೇಲೆ ಅವರು ಬೆನ್ನು, ಭುಜ ಕೊಟ್ಟು ತಳ್ಳಿದರು. ನಾನು ಕಣ್ಣು ಮುಚ್ಚಿ ತಿರುವಿದೆ. ಒಳಗೆಲ್ಲೋ 'ಟಕ್' ಎಂದು ಹಲ್ಲಿಗೆ ಹಲ್ಲು ಕೂಡಿ, ಎರಡು ಹೋಳು ಒಂದಾದವು.

ಪಾಳಿಯ ಪ್ರಕಾರ ಆ ವರ್ಷ ಮೊದಲು ನಮ್ಮ ಹೊಲ. ಆದರೆ ಕಾಕಾನ ಹೊಲ ದಿನ್ನೆಯ ಮೇಲೆ, ಬೇಗ ಆರುವಂಥದು. "ಮೊದಲ ನಿಂದು ಬಿತ್ತು," ಎಂದ ಅಪ್ಪ. ಕಾಕಾ ಒಪ್ಪದೆ ಬಹಳ ಹೊತ್ತು ವಾದಿಸಿ ಕೊನೆಗೆ ಒಪ್ಪಿದ. ಅಪ್ಪನ ಕೈ ನಡೆಯದ್ದರಿಂದ ಎರಡೂ ಹೊಲಕ್ಕೆ ಕಾಕಾನೇ ಟ್ರ್ಯಾಕ್ಟರ್ ಹೊಡೆದ. ಪ್ರತಿ ಸಲ ಗೇರು ಬದಲಾಯಿಸುವಾಗಲೂ ಬದುವಿನ ಮೇಲೆ ನಿಂತ ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು. ಗೇರು ಹಾರಲಿಲ್ಲ. ಆದರೆ ನಮ್ಮ ಹೊಲದ ಕೊನೆಯ ಪಟ್ಟಿಗೆ ಬರುವಷ್ಟರಲ್ಲಿ ಹಸಿ ಆರಿಹೋಗಿತ್ತು. ಅಲ್ಲಿ ಕಡಲೆ ತೇಪೆ ಹಚ್ಚಿದ ಹಾಗೆ ಹುಟ್ಟಿತು. ಅಪ್ಪ ಆ ಮಾತು ಎಂದೂ ಎತ್ತಲಿಲ್ಲ.

ಆ ಟ್ರ್ಯಾಕ್ಟರ್ ಗುಜರಿಗೆ ಹೋಗಿ ವರ್ಷಗಳಾದವು. ಇಮಾಮ್ ಕಾಕಾ ಈಗಿಲ್ಲ. ಜೈಬು ಗುಡಗೇರಿಯಲ್ಲಿದ್ದಾಳೆ, ಮಕ್ಕಳ ಮದುವೆಯ ಗಡಿಬಿಡಿಯಲ್ಲಿ. ಮಾತಾಡಿದಾಗಲೆಲ್ಲ, "ಬಾರವಾ ಒಮ್ಮೆ," ಎನ್ನುತ್ತಾಳೆ, ನಾನೂ ಹೂಂ ಎನ್ನುತ್ತೇನೆ. ಎರಡು ಮನೆಗಳ ನಡುವಿನ ಗೋಡೆ ಎತ್ತರವಾಗಿದೆ.

ಹೋದ ಹಿಂಗಾರಿಗೆ ಊರಿಗೆ ಹೋಗಿದ್ದೆ. ಫೋನು ಮಾಡಿದರೆ ಟ್ರ್ಯಾಕ್ಟರ್ ಬರುತ್ತದೆ, ಯಾರ ಪಾಳಿಗೂ ಕಾಯಬೇಕಿಲ್ಲ. ಕಿವಿಗೆ ವಯರು ಸಿಕ್ಕಿಸಿಕೊಂಡ ಒಬ್ಬ ಯುವಕ ದೊಡ್ಡ ಗಾಡಿ ತಂದು, ಬುತ್ತಿ ಬಿಚ್ಚುವ ಹೊತ್ತಿಗೆ ಇಡೀ ಹೊಲ ಬಿತ್ತಿ ಮುಗಿಸಿದ. ಕೊನೆಯ ಪಟ್ಟಿಯೂ ಹಸಿಯಲ್ಲೇ ಮುಗಿಯಿತು. ಉಣ್ಣಲು ಕರೆದರೆ, ಬೇರೆ ಊರಿಗೆ ಹೋಗಬೇಕು ಎಂದು ಕೈ ಬೀಸಿ ಹೊರಟೇಹೋದ. ಅಪ್ಪ ಬದುವಿನ ಮೇಲೆ ನಿಂತು, ಗಾಡಿ ರಸ್ತೆಗೆ ಹತ್ತುವ ತನಕ ನೋಡಿದ.

"ಛಲೋ ಬಿತ್ತಿದ," ಎಂದ. ಬದುವಿನಿಂದ ಇಳಿಯುತ್ತ, "ಅಂವನ ಹೆಸರು ಕೇಳೂದ ಮರತೆ ನೋಡವಾ," ಎಂದ.