ಬಸವ್ವಜ್ಜಿಯ ಹಾಡು ಮತ್ತು ತಿರುಗದ ಡಿಸ್ಕು

ಯಾವುದನ್ನೂ ಬಿಚ್ಚಿ ನೋಡದೆ ಜಯದೇವಿಗೆ ಸಮಾಧಾನವಿರಲಿಲ್ಲ. ಬೆಂಗಳೂರಿನ ವಿಜಯನಗರದ ಅವರ ಮನೆಯ ಗಡಿಯಾರ, ರೇಡಿಯೋ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಂದೊಂದು ಸಲ ಬಿಚ್ಚಿದ್ದಳು. ಎಂಬತ್ತೇಳನೇ ಇಸವಿಯಲ್ಲಿ ಮಾರೇನಹಳ್ಳಿಯ ಶಂಭುಲಿಂಗಪ್ಪನವರ ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಬಂದಳು. ಪಕ್ಕದ ಕುರ್ಚಿ ನನ್ನದು. "ಟೈಪ್ ಮಾಡಿದ್ದೆಲ್ಲ ಒಳಗೆ ಎಲ್ಲಿ ಕೂತಿರುತ್ತೆ ಕಣೇ?" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದಳು. ನನಗೇನು ಗೊತ್ತು? ಸಂಬಳ ಬಂದರೆ ಸಾಕು ಎನ್ನುವವಳು ನಾನು.

ಗದಗಿನ ಕಡೆಯಿಂದ ಬಂದಿದ್ದ ಅವಳ ಅಜ್ಜಿ ಬಸವ್ವನಿಗೆ ಬೀಸುವ ಕಲ್ಲಿನ ಹಾಡುಗಳು ರಾಶಿ ರಾಶಿ ಬರುತ್ತಿದ್ದವು. ಊಟದ ಹೊತ್ತಿನಲ್ಲಿ ಅಜ್ಜಿಯನ್ನು ಸೆಂಟರಿಗೇ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ಜಯದೇವಿ ಹಾಡಿಸುತ್ತಿದ್ದಳು. ಕಲ್ಲಿಲ್ಲದಿದ್ದರೂ ಅಜ್ಜಿಯ ಬಲಗೈ ಗಾಳಿಯಲ್ಲಿ ಬೀಸುತ್ತಲೇ ಇರಬೇಕು. ಕೈ ನಿಂತರೆ ಹಾಡೂ ನಿಲ್ಲುತ್ತಿತ್ತು. ನಮ್ಮ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿಕೊಂಡಳು. ಶ್ರಾವಣದಲ್ಲಿ ಅಜ್ಜಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದುಹೋದವು. ಆಮೇಲೆ ಆ ಹಾಡುಗಳಿದ್ದದ್ದು ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕಿನಲ್ಲಿ ಮತ್ತು ನಕಲು ತೆಗೆದಿಟ್ಟ ಒಂದೇ ಒಂದು ಫ್ಲಾಪಿಯಲ್ಲಿ.

ಆಯುಧಪೂಜೆ ಬಂತು. ಶಂಭುಲಿಂಗಪ್ಪನವರದು ಅರೆಬರೆ ಭಕ್ತಿಯಲ್ಲ. ಕಂಪ್ಯೂಟರಿಗೆ ವಿಭೂತಿ ಬಳಿದು ಚೆಂಡುಹೂ ಮುಡಿಸಿದರು. ಫ್ಲಾಪಿಯ ಹೊದಿಕೆಯಲ್ಲಿ ಒಳಗಿನ ತಟ್ಟೆ ಕಾಣುವ ಕಿಂಡಿ ಬೊಟ್ಟಿಗೆಂದೇ ಬಿಟ್ಟ ಜಾಗ ಅನ್ನಿಸಿತೋ ಏನೋ, ಒದ್ದೆ ಕುಂಕುಮವನ್ನು ಅಲ್ಲೇ ಒತ್ತಿದರು. ಯಂತ್ರಗಳಿಗೂ ವಿಶ್ರಾಂತಿ ಬೇಕೆಂದು ಹಬ್ಬ ಕಳೆಯುವ ತನಕ ಬೀಗ ಹಾಕಿದರು.

ಬಾಗಿಲು ತೆರೆದಾಗ ಕುಂಕುಮ ಅಂಟಿ ಫ್ಲಾಪಿ ಕೆಟ್ಟಿತ್ತು. ಸ್ವಿಚ್ ಹಾಕಿದರೆ ಹಾರ್ಡ್ ಡಿಸ್ಕು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ.

"ಸತ್ತೋಗಿದೆ, ಹೊಸದು ಹಾಕ್ಸೋಣ ಬಿಡಮ್ಮ," ಎಂದರು ಶಂಭುಲಿಂಗಪ್ಪ.

"ಹೊಸದ್ರಲ್ಲಿ ನಮ್ಮಜ್ಜಿ ಹಾಡು ಎಲ್ಲಿಂದ ಬರುತ್ತೆ ಸಾರ್?"

ಪಾಪ, ಅವರ ಮುಖ ಸಣ್ಣದಾಯಿತು.

ಜಯದೇವಿ ಡಿಸ್ಕಿಗೆ ಕಿವಿಯಿಟ್ಟು ಕೇಳಿದಳು. ನಮ್ಮ ಸೆಂಟರಿನ ಹಳೆಯ ಟೇಬಲ್ ಫ್ಯಾನೂ ಹೀಗೇ. ಸುಮ್ಮನೆ ಗುಂಯ್ ಎನ್ನುತ್ತದೆ, ರೆಕ್ಕೆಯನ್ನು ಬೆರಳಲ್ಲಿ ತಳ್ಳಿದರೆ ತಿರುಗುತ್ತದೆ.

"ಇದೂ ಒಳಗೆ ಎಲ್ಲೋ ಹಿಡ್ಕೊಂಡಿರ್ಬೋದು ಕಣೇ."

"ಮುಟ್ಬೇಡ, ಕೆಲ್ಸ ಹೋಗುತ್ತೆ!" ಎಂದೆ. ನನ್ನ ಮಾತನ್ನು ಯಾವತ್ತು ಕೇಳಿದ್ದಳು?

ಕಂಪ್ಯೂಟರಿನ ಸ್ಕ್ರೂ ಬಿಚ್ಚಿ, ವೈರಿನ ಸಮೇತ ಡಿಸ್ಕನ್ನು ಅಂಗೈಗಳ ನಡುವೆ ಹಿಡಿದಳು. ನಾನು ಹೆದರುತ್ತಲೇ ಸ್ವಿಚ್ ಒತ್ತಿದೆ. ಬೀಸುವ ಕಲ್ಲಿಗೆ ಮೊದಲ ಸುತ್ತು ಕೊಟ್ಟಂತೆ ಅದನ್ನು ಸರಕ್ಕನೆ ತಿರುವಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುವಿದಳು. ಒಳಗಿನಿಂದ ಸಣ್ಣ ಶಿಳ್ಳೆಯ ಸದ್ದು ಮೇಲೆದ್ದು ಡಿಸ್ಕು ತಿರುಗತೊಡಗಿತು. ನನಗಂತೂ ಅಳುವೇ ಬಂತು. ಸಂಜೆಯೊಳಗೆ ಅಷ್ಟೂ ಹಾಡುಗಳನ್ನು ಪ್ರಿಂಟ್ ತೆಗೆದಳು.

ಅವಳ ಜೊತೆ ನಾನೂ ಮನೆಗೆ ಹೋದೆ. ಜಯದೇವಿ ಓದತೊಡಗಿದಾಗ ಮಲಗಿದ್ದ ಅಜ್ಜಿಯ ಎಡಗೈ ಮೆಲ್ಲಗೆ ಬೀಸಲು ಶುರುಮಾಡಿತು. ಒಂದು ಹಾಡಿನ ನಡುವೆ ಥಟ್ಟನೆ ನಿಂತಿತು. ಮತ್ತೆ ಮೊದಲಿನಿಂದ ಓದಿದಳು, ಅಲ್ಲೇ ನಿಂತಿತು.

"ಇಲ್ಲೊಂದು ಸಾಲು ಬಿಟ್ಬಿಟ್ಟಿದೀನಿ ಕಣೇ," ಎಂದಳು ಜಯದೇವಿ. ಟೈಪ್ ಮಾಡುವಾಗಲೇ ತಪ್ಪಿಹೋದ ಸಾಲು, ಯಾವ ಡಿಸ್ಕಿನಲ್ಲೂ ಇರಲಿಲ್ಲ. ಅಜ್ಜಿಯ ತುಟಿ ಅಲುಗಿತು, ದನಿ ಬರಲಿಲ್ಲ.

ಅಜ್ಜಿ ಇರುವವರೆಗೂ ಜಯದೇವಿ ದಿನಾ ಸಂಜೆ ಆ ಹಾಡು ಓದುತ್ತಿದ್ದಳು. ಆ ಜಾಗ ಬಂದಾಗ ಒಂದು ಸಾಲಿನಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಆಗ ಅಜ್ಜಿಯ ಕೈ ನಿಲ್ಲುತ್ತಿರಲಿಲ್ಲ.