ಪಾಲಣ್ಣ ಹೇಳಿದ ಸಾಕ್ಷಿ

ಹೊಸದುರ್ಗದ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವ ಪಾಲಣ್ಣ ಯಾವುದನ್ನೂ ಸುಮ್ಮನೆ ನಂಬಿದವನಲ್ಲ. ಕೊಬ್ಬರಿ ಆಗಿದೆ ಎಂದು ತೋಟದ ಯಜಮಾನನೇ ಹೇಳಿದರೂ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣ ಕೊಬ್ಬರಿಯ ಗಿಟುಕು ಉರುಳಿದ ಸದ್ದು ಕೇಳಿದ ಮೇಲೇ ಕೈ ಹಚ್ಚುತ್ತಿದ್ದ.

ಹೆಂಡತಿ ಸುಮಿತ್ರಾಗೆ ಟೀಬಿ ಎಂದು ತಿಳಿದಾಗ ಅಕ್ಕಪಕ್ಕದವರು ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಊರಾಚೆ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಮಾಡುವ ಸಭೆಯವರು ಮಾತ್ರ ಒಳಗೆ ಬಂದು ಚಾಪೆಯ ಮೇಲೆ ಕೂತರು, ಅವಳು ಕೊಟ್ಟ ಲೋಟದಲ್ಲೇ ನೀರು ಕುಡಿದರು. ಆ ಋಣಕ್ಕೆ ಪಾಲಣ್ಣ ಭಾನುವಾರ ಸಭೆಗೆ ಹೋದ. ನಂಬಿಕೆ ಮಾತ್ರ ಬರಲಿಲ್ಲ. ನಿಮ್ಮ ಯೇಸು ವಾಸಿ ಮಾಡುತ್ತಾನೆ ಎನ್ನುವುದಕ್ಕೆ ಗುರುತೇನು ಎಂದು ಪಾಸ್ಟರನ್ನು ನೇರವಾಗಿಯೇ ಕೇಳಿದ. ಪಾಸ್ಟರು ಸಿಟ್ಟಾಗಲಿಲ್ಲ. ಕೇಳುವುದು ತಪ್ಪಲ್ಲ, ಶಿಲುಬೆಯ ಗಾಯ ಮುಟ್ಟಿ ನೋಡಿದರೇ ನಂಬುತ್ತೇನೆ ಎಂದ ಶಿಷ್ಯನಿಗೂ ಯೇಸು ಕೈ ಚಾಚಿದ್ದಾನೆ ಎಂದರು.

ಎರಡು ತಿಂಗಳಿಗೆ ಗುರುತು ಸಿಕ್ಕಿತು. ಸುಮಿತ್ರಾಳ ಕಫ ಪರೀಕ್ಷೆಯ ಚೀಟಿಯಲ್ಲಿ ರೋಗಾಣು ಇಲ್ಲ ಎಂದಿತ್ತು. ಗುಳಿಗೆ ನುಂಗುವವರಿಗೆ ಹೀಗೆ ಬರುವುದು ಮಾಮೂಲು, ಬೇರು ಇನ್ನೂ ಒಳಗಿರುತ್ತೆ, ಆರು ತಿಂಗಳು ಬಿಡಬೇಡಿ ಎಂದು ಆಶಾ ಕಾರ್ಯಕರ್ತೆ ಚೈತ್ರಾ ಬಾಗಿಲಲ್ಲಿ ನಿಂತು ಹೇಳಿದಳು. ಬೇಕಾದ ಪುರಾವೆ ಕೈಗೆ ಬಂದವನಿಗೆ ಬೇಡದ ಮಾತು ಕೇಳಿಸುತ್ತದೆಯೇ? ವಾಸಿಯಾದವರು ಎದ್ದು ನಿಂತು ಸಾಕ್ಷಿ ಹೇಳುವುದು ಆ ಸಭೆಯ ಪದ್ಧತಿ. ಪಾಲಣ್ಣ ಚೀಟಿಯನ್ನು ತಲೆಯ ಮೇಲೆತ್ತಿ, ವಾಸಿ ಮಾಡಿದ್ದು ಯೇಸುವೇ ಎಂದು ಹೇಳಿದ. ಜನ ಅತ್ತರು. ಅವನೂ ಅತ್ತ.

ಮನೆಗೆ ಬಂದು ಗುಳಿಗೆಯ ಪೊಟ್ಟಣವನ್ನು ಅಟ್ಟಕ್ಕೆಸೆದ. ಪಾಸ್ಟರು ನಿಲ್ಲಿಸು ಎಂದಿರಲಿಲ್ಲ; ಮುಂದುವರಿಸು ಎಂದೂ ಅವರ ಬಾಯಿಂದ ಬಂದಿರಲಿಲ್ಲ. ಇದು ಪಾಲಣ್ಣನದೇ ತರ್ಕ. ಗುಳಿಗೆ ನುಂಗುತ್ತಲೇ ಇದ್ದರೆ ವಾಸಿ ಮಾಡಿದ್ದು ಯಾರೆಂದು ತಿಳಿಯುವುದು ಹೇಗೆ? ಅವನಿಗೆ ಕಲಬೆರಕೆಯಿಲ್ಲದ ಪುರಾವೆ ಬೇಕಿತ್ತು. ಪರೀಕ್ಷೆಗೆ ಇಟ್ಟದ್ದು ಮಾತ್ರ ತನ್ನ ಎದೆಯನ್ನಲ್ಲ, ಹೆಂಡತಿಯ ಎದೆಯನ್ನು.

"ಗುಳಿಗೆ ನುಂಗಿದೋಳು ನಾನು, ಸಾಕ್ಷಿ ಹೇಳಿದೋನು ನೀನು," ಎಂದಳು ಸುಮಿತ್ರಾ.

ಹೆಂಗಸಿನ ಮಾತು ಯಾವ ಸಭೆಯಲ್ಲಿ ಪುರಾವೆಯಾಗಿದೆ?

ನಾಲ್ಕು ತಿಂಗಳು ಕಳೆಯುವುದರೊಳಗೆ ಕೆಮ್ಮಿನಲ್ಲಿ ರಕ್ತ ಬಂತು. ಈ ಸಲದ್ದು ಹಳೇ ಗುಳಿಗೆಗೆ ಬಗ್ಗುವ ಟೀಬಿಯಲ್ಲ ಎಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೇಳಿದರು. ಪಾಲಣ್ಣ ಮಂಚದ ಪಕ್ಕ ಕೂತು ಪ್ರಾರ್ಥನೆಗೆ ಕೈ ಜೋಡಿಸಿದ, ಮತ್ತೆ ಬಿಡಿಸಿದ. ದೇವರಿಲ್ಲ ಎಂದರೆ ತಾನು ಮೂರ್ಖ. ಇದ್ದಾನೆ ಎಂದರೆ ಅವನ ಹೆಸರಿನಲ್ಲಿ ಸುಳ್ಳು ಹೇಳಿದವನು. ಎರಡರಲ್ಲಿ ಯಾವುದು ನಿಜವಾದರೂ ಸುಮಿತ್ರಾಳ ಉಸಿರು ಸರಿಹೋಗುತ್ತಿರಲಿಲ್ಲ.

ಅವಳೇ ಕಣ್ಣು ತೆರೆದಳು. "ಮಾಡದಕೆರೆ ಹನುಮಮ್ಮ ನಿನ್ ಸಾಕ್ಷಿ ಕೇಳಿ ಗುಳಿಗೆ ಬಿಟ್ಟವ್ಳಂತೆ. ನನ್ ಮುಂದೆ ಕುಂತು ಏನ್ ಮಾಡ್ತಿ? ಹೋಗು, ಅವಳ್ಗಾದ್ರೂ ಹೇಳು."

ಹನುಮಮ್ಮ ಕೂಲಿ ಮಾಡುವ ವಿಧವೆ, ಅದೇ ಸಭೆಯವಳು, ಅದೇ ರೋಗದವಳು. ಪಾಲಣ್ಣ ಹೋದಾಗ ಶೇಂಗಾ ಬಿಡಿಸುತ್ತಿದ್ದಳು. "ಬರ್ರಿ ಅಣ್ಣ, ಕುಂತ್ಕಳ್ರಿ," ಎಂದಳು. ಅವನು ನಿಂತೇ ಎಲ್ಲವನ್ನೂ ಹೇಳಿದ, ಆಸ್ಪತ್ರೆಯ ಹೊಸ ಚೀಟಿ ತೋರಿಸಿದ.

"ನಾನು ಅವತ್ತು ಹೇಳಿದ್ದು ಸುಳ್ಳಮ್ಮ. ರೋಗ ಇಳಿದಿದ್ದು ಗುಳಿಗೆಯಿಂದ."

"ಅವತ್ತು ಅತ್ರಲ್ಲ, ಅದೂ ಸುಳ್ಳಾ?"

"ಅದು ನಿಜ."

"ಮತ್ತೆ?"

ಅವನು ಚೀಟಿಯನ್ನು ಅವಳ ಕೈಗಿಟ್ಟ. ಹನುಮಮ್ಮ ಕೆಮ್ಮಿದಳು, ಸೆರಗಿನಲ್ಲಿ ಬಾಯಿ ಒರೆಸಿ ಸೆರಗನ್ನು ಮುದುರಿಕೊಂಡಳು. ಶೇಂಗಾ ಧೂಳು ಎಂದಳು.

"ನಿಮ್ ನಂಬಿಕೆ ಸಡ್ಲ ಆತು, ಅದಕ್ಕೆ ಅಕ್ಕಂಗೆ ತಿರುಗಿ ಬಂತು. ನಂದು ಗಟ್ಟಿ ಐತೆ. ಧೈರ್ಯ ಕೊಟ್ಟೋರೂ ನೀವೆ, ಈಗ ಕಿತ್ಕಳಾಕೆ ಬಂದೋರೂ ನೀವೆ. ಬ್ಯಾಡ ಅಣ್ಣ."

ಚೀಟಿಯನ್ನು ಮಡಿಸಿ, ಅವನ ಅಂಗಿಯ ಜೇಬಿಗೆ ಅವಳೇ ಇಟ್ಟಳು. ಅವನು ಕೈ ಮುಗಿದ. ಕಾಲಿಗೂ ಬಿದ್ದ. ಅವಳು ಹಿಂದೆ ಸರಿದು ಬಾಗಿಲು ಮುಂದೆ ಮಾಡಿದಳು.

ಬಸ್ಸಿಗೆ ಕಾಯುತ್ತ ಚೈತ್ರಾಗೆ ಫೋನ್ ಮಾಡಿ, ಹೇಗಾದರೂ ಮಾಡಿ ಆ ಹೆಂಗಸಿಗೆ ಗುಳಿಗೆ ಕೊಡಿಸಮ್ಮ ಎಂದು ಬೇಡಿಕೊಂಡ. ಅವಳು ತನಗೆ ಗೊತ್ತಿದ್ದನ್ನು ಹೇಳಿದಳು. ಮಾಡದಕೆರೆಯ ಆಶಾ ಕಾರ್ಯಕರ್ತೆ ಮೂರು ಸಲ ಆ ಮನೆಗೆ ಹೋಗಿ ಬಂದಿದ್ದಾಳಂತೆ. ಮೂರು ಸಲವೂ ಹನುಮಮ್ಮ, ಹೊಸದುರ್ಗದ ಪಾಲಣ್ಣನನ್ನು ಹೋಗಿ ಕೇಳು ಎಂದು ವಾಪಸು ಕಳಿಸಿದ್ದಾಳಂತೆ.